ಅಂಗದಾನದ ಚರಿತ್ರೆ: ಐಸಿಯುವಿನಿಂದ ಹೊರಡಬೇಕಾದ ಒಂದು ಕರೆ

2006ರ ಏಪ್ರಿಲ್‌ನಲ್ಲಿ ವರನಟ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. 2021ರ ಅಕ್ಟೋಬರ್‌ನಲ್ಲಿ ಅವರ ಮಗ ಪುನೀತ್ ಅಕಾಲದಲ್ಲಿ ಅಗಲಿದಾಗಲೂ ಹಾಗೆಯೇ ಆಯಿತು. ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆ ದಿನಗಳಲ್ಲಿ ಕನ್ನಡ ನಾಡಿನ ಊರೂರುಗಳಲ್ಲಿ ಜನ ಸಾಲುಗಟ್ಟಿ ನಿಂತು ನೇತ್ರದಾನದ ಅರ್ಜಿಗೆ ಸಹಿ ಹಾಕಿದರು. ಅದೇ ವರ್ಷದ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೀಡಾಗಿದ್ದರು. ಮಿದುಳು ನಿಷ್ಕ್ರಿಯವಾಗಿದೆ ಎಂದು ವೈದ್ಯರು ತಿಳಿಸಿದಾಗ ಅವರ ಕುಟುಂಬ ಅಂಗಾಂಗಗಳನ್ನು ದಾನ ಮಾಡಲು ಒಪ್ಪಿತು.

ಈ ಎರಡು ದಾನಗಳನ್ನು ನಾವು ಒಂದೇ ಮಾತಿನಲ್ಲಿ ಹೊಗಳಿ ಮುಂದೆ ಹೋಗುತ್ತೇವೆ. ಆದರೆ ಇವೆರಡರ ನಡುವೆ ದೊಡ್ಡ ಅಂತರವಿದೆ. ಕಣ್ಣನ್ನು ಮನೆಯಲ್ಲಿ ತೀರಿಕೊಂಡವರಿಂದಲೂ ಪಡೆಯಬಹುದು. ಉಸಿರು ನಿಂತ ಬಳಿಕ ಕೆಲವು ಗಂಟೆಗಳ ಅವಕಾಶವಿರುತ್ತದೆ. ಮನೆಯವರೇ ನೇತ್ರ ಬ್ಯಾಂಕಿಗೆ ಫೋನ್ ಮಾಡಬಹುದು. ಹೃದಯ, ಯಕೃತ್ತು, ಮೂತ್ರಪಿಂಡಗಳ ಸಂಗತಿ ಹಾಗಲ್ಲ. ನಮ್ಮ ದೇಶದಲ್ಲಿ ಇವುಗಳ ಮರಣೋತ್ತರ ದಾನ ಬಹುಮಟ್ಟಿಗೆ ಸಾಧ್ಯವಾಗುವುದು ಒಂದೇ ಸ್ಥಳದಲ್ಲಿ - ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ. ಮಿದುಳು ಸತ್ತಿರಬೇಕು, ವೆಂಟಿಲೇಟರಿನ ನೆರವಿನಿಂದ ಹೃದಯವಿನ್ನೂ ಬಡಿಯುತ್ತಿರಬೇಕು. ಆಗ ಮನೆಯವರು ಬಾಗಿಲಿನ ಹೊರಗೆ ಬೆಂಚಿನ ಮೇಲೆ ಕುಳಿತಿರುತ್ತಾರೆ. ಒಳಗೆ ಏನಾಗಿದೆ ಎಂಬುದು ಅವರಿಗೆ ತಿಳಿಯದು. ತಿಳಿದಿರುವುದು ಅಲ್ಲಿನ ದಾದಿಗೆ, ಡ್ಯೂಟಿ ಡಾಕ್ಟರಿಗೆ. ಅವರು ಸರಿಯಾದವರಿಗೆ ಸಕಾಲದಲ್ಲಿ ಸುದ್ದಿ ಮುಟ್ಟಿಸದಿದ್ದರೆ ದಾನಿಯ ಕಿಸೆಯಲ್ಲಿರುವ ಕಾರ್ಡಿಗೂ, ಕುಟುಂಬದ ಉದಾರತೆಗೂ, ಶಸ್ತ್ರವೈದ್ಯರ ನೈಪುಣ್ಯಕ್ಕೂ ಯಾವ ಬೆಲೆಯೂ ಇಲ್ಲ.

ಅಂಗದಾನ ಏಕೆ ಹೆಚ್ಚುತ್ತಿಲ್ಲ ಎಂಬ ಪ್ರಶ್ನೆ ಬಂದಾಗಲೆಲ್ಲ ನಮ್ಮಲ್ಲಿ ಎರಡು ಉತ್ತರಗಳು ಸಿದ್ಧವಾಗಿರುತ್ತವೆ: ಜನರ ಅಜ್ಞಾನ, ಇಲ್ಲವೇ ಧರ್ಮದ ಅಡ್ಡಿ. ಎರಡನೆಯ ಉತ್ತರವನ್ನು ಹೇಳುವವರ ಬೆರಳು ಬಹಳ ಸಲ ಮುಸ್ಲಿಮರ ಕಡೆಗೆ ತಿರುಗಿರುತ್ತದೆ. ಕಳೆದ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ನೋಡಿದರೆ ಈ ಎರಡು ಉತ್ತರಗಳೂ ಅರ್ಧ ಸತ್ಯವೆಂದು ಗೊತ್ತಾಗುತ್ತದೆ.

ಹೊಸ ಬಗೆಯ ಸಾವು

ಐಸಿಯು ಎಂಬುದೇ ತೀರಾ ಇತ್ತೀಚಿನ ಸೃಷ್ಟಿ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಪೋಲಿಯೋ ಮಾರಿ ಬಡಿದಾಗ ಉಸಿರಾಟದ ಸ್ನಾಯುಗಳು ಸೋತು ಅನೇಕರು ಸಾಯತೊಡಗಿದರು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ರೋಗಿಗಳ ಶ್ವಾಸನಾಳಕ್ಕೆ ಕೊಳವೆ ಹಾಕಿ, ಕೈಯಿಂದ ಚೀಲ ಒತ್ತಿ ಉಸಿರು ಕೊಡುವ ಉಪಾಯ ತೋರಿಸಿದರು. ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲು ರಾತ್ರಿ ಚೀಲ ಒತ್ತುತ್ತ ಕುಳಿತರು. ಈ ಅನುಭವದಿಂದ ಮರುವರ್ಷ ಅಲ್ಲಿ ತೀವ್ರ ನಿಗಾ ಘಟಕ ಹುಟ್ಟಿತು. ಕೈಯ ಕೆಲಸವನ್ನು ಬರಬರುತ್ತ ಯಂತ್ರ ವಹಿಸಿಕೊಂಡಿತು.

ಯಂತ್ರ ಬಂದ ಮೇಲೆ ಯಾರೂ ಹಿಂದೆಂದೂ ಕಾಣದ ಒಂದು ಸ್ಥಿತಿ ಎದುರಾಯಿತು. ತಲೆಗೆ ಭೀಕರ ಪೆಟ್ಟು ಬಿದ್ದ ಕೆಲವರಲ್ಲಿ ಮಿದುಳು ಸಂಪೂರ್ಣ ನಾಶವಾಗಿದ್ದರೂ ಎದೆ ಏರಿಳಿಯುತ್ತಿತ್ತು, ಮೈ ಬೆಚ್ಚಗಿರುತ್ತಿತ್ತು. 1959ರಲ್ಲಿ ಪ್ಯಾರಿಸಿನ ಮೊಲ್ಲಾರೆ ಮತ್ತು ಗುಲೋಂ ಎಂಬ ವೈದ್ಯರು ಇದನ್ನು ಕೋಮಾದಿಂದಲೂ ಆಚೆಗಿನ ಸ್ಥಿತಿ ಎಂದು ವರ್ಣಿಸಿದರು. ಕೋಮಾದಲ್ಲಿರುವವರು ಮರಳಿ ಬರಬಹುದು, ಈ ಸ್ಥಿತಿಗೆ ತಲುಪಿದವರು ಬರುವುದಿಲ್ಲ. ಈ ವ್ಯತ್ಯಾಸವನ್ನು ನಮ್ಮ ಬಹುಪಾಲು ಓದುಗರೂ ಪತ್ರಿಕೆಗಳೂ ಇಂದಿಗೂ ಗೊಂದಲ ಮಾಡಿಕೊಳ್ಳುತ್ತಿರುವುದರಿಂದ ಇಲ್ಲಿ ಒತ್ತಿ ಹೇಳಬೇಕಾಗಿದೆ.

1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಕ್ರಿಶ್ಚಿಯಾನ್ ಬರ್ನಾರ್ಡ್ ಮನುಷ್ಯನ ಹೃದಯವನ್ನು ಮನುಷ್ಯನಿಗೆ ಕಸಿ ಮಾಡಿದರು. ಕಾರು ಬಡಿದು ಗಾಯಗೊಂಡಿದ್ದ 25ರ ಯುವತಿಯೊಬ್ಬಳ ಹೃದಯ ಅದು. ಅದೇ ಅಪಘಾತದಲ್ಲಿ ಪತ್ನಿಯನ್ನೂ ಕಳೆದುಕೊಂಡಿದ್ದ ಆಕೆಯ ತಂದೆ ಒಪ್ಪಿಗೆ ಕೊಟ್ಟರು. ವರ್ಣಭೇದ ನೀತಿಯ ಆ ದೇಶದಲ್ಲಿ ಬಿಳಿಯ ಯುವತಿಯ ಒಂದು ಮೂತ್ರಪಿಂಡ ಹತ್ತು ವರ್ಷದ ಬಿಳಿಯೇತರ ಹುಡುಗನಿಗೆ ಹೋಯಿತು. ಬದುಕಿದ್ದಾಗ ಒಂದೇ ಶಾಲೆಯ ಬೆಂಚಿನಲ್ಲಿ ಕೂರುವಂತಿರಲಿಲ್ಲ. ಆದರೆ ಒಬ್ಬರ ಅಂಗ ಇನ್ನೊಬ್ಬರ ದೇಹದಲ್ಲಿ ಬದುಕಲು ಬಣ್ಣ ಅಡ್ಡಿಯಾಗಲಿಲ್ಲ.

ಮರುವರ್ಷ ಆಗಸ್ಟ್‌ನಲ್ಲಿ ಅಮೆರಿಕದ ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಮಿತಿಯೊಂದು ಮಿದುಳಿನ ಸಾವನ್ನು ಗುರುತಿಸುವ ಲಕ್ಷಣಗಳನ್ನು ಪ್ರಕಟಿಸಿತು. ಹೆನ್ರಿ ಬೀಚರ್ ಅದರ ಅಧ್ಯಕ್ಷರಾಗಿದ್ದರು. ಆ ವರದಿಯ ಒಂದು ಮಾತು ಮುಂದಿನ ಎಲ್ಲ ಬೆಳವಣಿಗೆಗೂ ಅಡಿಗಲ್ಲಾಯಿತು: ಸಾವನ್ನು ಘೋಷಿಸುವ ವೈದ್ಯರು ಕಸಿಯ ತಂಡದವರಾಗಿರಕೂಡದು. ರೋಗಿಯನ್ನು ಉಳಿಸಲು ಹೆಣಗುವ ಕೈ ಮತ್ತು ಅಂಗಕ್ಕಾಗಿ ಕಾದಿರುವ ಕೈ ಬೇರೆಬೇರೆಯಾಗಿರಬೇಕು.

ಸಪ್ಪೋರೋದ ನೆರಳು

ಈ ನಿಯಮವನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಜಪಾನ್. 1968ರ ಆಗಸ್ಟ್‌ನಲ್ಲಿ ಸಪ್ಪೋರೋ ನಗರದಲ್ಲಿ ಜುರೋ ವಾಡಾ ಎಂಬ ಶಸ್ತ್ರವೈದ್ಯರು ಆ ದೇಶದ ಮೊದಲ ಹೃದಯ ಕಸಿ ಮಾಡಿದರು. ನೀರಿನಲ್ಲಿ ಮುಳುಗಿದ್ದ ಯುವಕನೊಬ್ಬ ದಾನಿ. ಮೊದಮೊದಲು ದೇಶವೇ ಕೊಂಡಾಡಿತು. ಹೃದಯ ಪಡೆದ ಯುವಕ ಮೂರು ತಿಂಗಳೊಳಗೆ ತೀರಿಕೊಂಡ ಮೇಲೆ ಪ್ರಶ್ನೆಗಳು ಎದ್ದವು. ದಾನಿ ನಿಜವಾಗಿಯೂ ಸತ್ತಿದ್ದನೇ? ಪಡೆದವನಿಗೆ ಕಸಿಯ ಅಗತ್ಯವಿತ್ತೇ? ಸಾವನ್ನು ನಿರ್ಧರಿಸಿದವರೂ ಹೃದಯ ತೆಗೆದವರೂ ಒಂದೇ ತಂಡದವರಲ್ಲವೇ? ಪೊಲೀಸ್ ದೂರು ದಾಖಲಾಯಿತು, ತನಿಖೆ ನಡೆಯಿತು, ಮೊಕದ್ದಮೆ ಹೂಡಲಿಲ್ಲ. ಆದರೆ ಜನಮನದ ಅನುಮಾನ ಅಳಿಯಲಿಲ್ಲ. ಅಂಗದಾನಕ್ಕಾಗಿ ಮಿದುಳು ಸಾವನ್ನು ಒಪ್ಪುವ ಕಾನೂನು ಜಪಾನಿನಲ್ಲಿ ಬಂದದ್ದು 1997ರಲ್ಲಿ; ಅದರಡಿ ಮೊದಲ ದಾನ ನಡೆದದ್ದು 1999ರಲ್ಲಿ. ಒಂದು ಆಸ್ಪತ್ರೆಯ ಅವಸರಕ್ಕೆ ಆ ದೇಶದ ರೋಗಿಗಳು ಮೂವತ್ತು ವರ್ಷ ಬೆಲೆ ತೆತ್ತರು. ವಿಜ್ಞಾನ, ತಂತ್ರಜ್ಞಾನಗಳಲ್ಲಿ ಜಗತ್ತಿಗೇ ಮುಂದಿದ್ದ ದೇಶವದು. ಕೊರತೆಯಿದ್ದದ್ದು ನಂಬಿಕೆಯಲ್ಲಿ.

ಉಲೆಮಾಗಳ ಚರ್ಚೆ

ಮುಸ್ಲಿಮ್ ವಿದ್ವಾಂಸರು ಈ ಪ್ರಶ್ನೆಗೆ ಬೆನ್ನು ತೋರಿಸಿದರೆಂಬ ಆರೋಪವನ್ನು ಚರಿತ್ರೆ ಒಪ್ಪುವುದಿಲ್ಲ. ಅವರು ಆರಂಭದಿಂದಲೇ ಚರ್ಚಿಸಿದರು, ಭಿನ್ನಮತ ತಾಳಿದರು. ಪಾಕಿಸ್ತಾನದ ಮುಫ್ತಿ ಮುಹಮ್ಮದ್ ಶಫಿಯವರು ಅಂಗ ಕಸಿಯನ್ನು ವಿರೋಧಿಸಿದರು. ದೇಹ ಮನುಷ್ಯನ ಸ್ವಂತ ಸೊತ್ತಲ್ಲ, ಅಲ್ಲಾಹನು ವಹಿಸಿಕೊಟ್ಟ ಅಮಾನತ್ತು. ಮೃತದೇಹಕ್ಕೂ ಘನತೆಯಿದೆ ಎಂಬುದು ಆ ನಿಲುವಿನ ಹಿಂದಿನ ಕಾಳಜಿ. ಮೃತನ ಎಲುಬಿಗೂ ಧಕ್ಕೆ ಮಾಡಬಾರದೆಂಬ ಪ್ರವಾದಿ ಮುಹಮ್ಮದ್(ಸ)ರ ಬೋಧನೆ ಇದಕ್ಕೆ ಆಧಾರ. ಮನುಷ್ಯನ ಅಂಗಗಳನ್ನು ಮಾರುಕಟ್ಟೆಗಿಟ್ಟ ಕಾಲದಲ್ಲಿ ಈ ಕಾಳಜಿಯನ್ನು ಹಳೆಯದೆಂದು ತಳ್ಳಿಹಾಕುವಂತಿಲ್ಲ.

ಇನ್ನೊಂದು ಕಡೆ, ಜೀವ ಉಳಿಸುವುದನ್ನು ಮಹತ್ಕಾರ್ಯವೆಂದು ಸಾರುವ ಸೂರಃ ಅಲ್ ಮಾಇದಃದ 32ನೆಯ ವಚನವನ್ನೂ, ಅನಿವಾರ್ಯ ಸಂದರ್ಭದಲ್ಲಿ ನಿಷಿದ್ಧವೂ ಅನುಮತಿಸಲ್ಪಡುತ್ತದೆ ಎಂಬ ಫಿಕ್ಹ್ ತತ್ವವನ್ನೂ ಮುಂದಿಟ್ಟವರಿದ್ದರು. 1982ರಲ್ಲಿ ಸೌದಿ ಅರೇಬಿಯಾದ ಹಿರಿಯ ಉಲೆಮಾಗಳ ಮಂಡಳಿ ಜೀವಂತರಿಂದಲೂ ಮೃತರಿಂದಲೂ ಅಂಗ ಪಡೆಯುವುದನ್ನು ಷರತ್ತುಗಳೊಂದಿಗೆ ಅನುಮತಿಸಿತು. 1986ರ ಅಕ್ಟೋಬರ್‌ನಲ್ಲಿ ಜೋರ್ಡಾನಿನ ಅಮ್ಮಾನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು ಮಿದುಳಿನ ಎಲ್ಲ ಕಾರ್ಯಗಳೂ ಮರಳಿ ಬಾರದಂತೆ ನಿಂತು, ಮಿದುಳು ಕೊಳೆಯಲಾರಂಭಿಸಿದೆ ಎಂದು ತಜ್ಞ ವೈದ್ಯರು ನಿರ್ಣಯಿಸಿದರೆ ಶರೀಅತ್ತಿನ ಪ್ರಕಾರ ಅದು ಮರಣವೇ ಎಂದು ತೀರ್ಮಾನಿಸಿತು. 1988ರಲ್ಲಿ ಜಿದ್ದಾದಲ್ಲಿ ಅದೇ ಅಕಾಡೆಮಿ ಅಂಗ ಕಸಿಯ ನಿಯಮಗಳನ್ನು ವಿವರಿಸಿ, ಅಂಗಗಳ ಮಾರಾಟವನ್ನು ನಿಷೇಧಿಸಿತು.

ಆದರೆ ಒಮ್ಮತ ಪೂರ್ತಿಯಾಗಿರಲಿಲ್ಲ. 1987ರಲ್ಲಿ ಮಕ್ಕಾದ ರಾಬಿತಾ ಸಂಘಟನೆಯ ಫಿಕ್ಹ್ ಮಂಡಳಿಯು ಇಂಥ ಸ್ಥಿತಿಯಲ್ಲಿ ವೆಂಟಿಲೇಟರ್ ತೆಗೆಯಲು ಒಪ್ಪಿತಾದರೂ, ಹೃದಯವೂ ಉಸಿರೂ ನಿಂತ ಬಳಿಕವೇ ಶರೀಅತ್ತಿನ ಪ್ರಕಾರ ಮರಣವೆಂದು ಹೇಳಿತು. 1989ರಲ್ಲಿ ದಿಲ್ಲಿಯಲ್ಲಿ ನಡೆದ ಭಾರತದ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ಮೊದಲ ವಿಚಾರಗೋಷ್ಠಿ, ಕಾಯಿಲೆಬಿದ್ದ ಬಂಧುವಿಗೆ ಬೆಲೆ ಪಡೆಯದೆ ಮೂತ್ರಪಿಂಡ ಕೊಡುವುದನ್ನು ಅನುಮತಿಸಿತು; ಮರಣಾನಂತರ ಅಂಗ ಕೊಡಬೇಕೆಂಬ ಉಯಿಲನ್ನು ಮಾತ್ರ ಒಪ್ಪಲಿಲ್ಲ. 1995ರಲ್ಲಿ ಬ್ರಿಟನ್ನಿನ ಮುಸ್ಲಿಮ್ ಲಾ ಕೌನ್ಸಿಲ್ ಅಂಗದಾನವನ್ನೂ ಮಿದುಳು ಕಾಂಡದ ಸಾವನ್ನೂ ಒಪ್ಪಿತು. ಅಂದರೆ ಸಮುದಾಯದೊಳಗೆ ಪ್ರಾಮಾಣಿಕವಾದ ಭಿನ್ನಾಭಿಪ್ರಾಯಗಳಿವೆ. ಐಸಿಯುವಿನ ಹೊರಗೆ ಕುಳಿತ ಕುಟುಂಬ ತನ್ನ ನಂಬಿಕೆಯ ಆಲಿಮರನ್ನು ಕೇಳಿ ತೀರ್ಮಾನಿಸಬಹುದು. ಕೇಳುವ ಅವಕಾಶವೇ ಬಾರದಿದ್ದರೆ?

ಸೌದಿಯ ಅನುಭವ ಇಲ್ಲಿ ಮುಖ್ಯವಾದದ್ದು. ಫತ್ವಾ ಹೊರಟ ಮಾತ್ರಕ್ಕೆ ಅಲ್ಲಿ ಅಂಗಗಳು ದೊರೆಯಲಿಲ್ಲ. 1980ರ ದಶಕದ ನಡುವಿನಲ್ಲಿ ರಿಯಾದಿನಲ್ಲಿ ಮೂತ್ರಪಿಂಡಗಳಿಗಾಗಿ ರಾಷ್ಟ್ರೀಯ ಕೇಂದ್ರವೊಂದನ್ನು ಕಟ್ಟಲಾಯಿತು. 1993ರಲ್ಲಿ ಅದು ಸೌದಿ ಅಂಗ ಕಸಿ ಕೇಂದ್ರವಾಯಿತು. ಮಿದುಳು ಸತ್ತಿರಬಹುದೆಂಬ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳ ಐಸಿಯುಗಳು ಈ ಕೇಂದ್ರಕ್ಕೆ ವರದಿ ಮಾಡುವ ಏರ್ಪಾಟು ಬಂತು. ಆ ಕೇಂದ್ರ ತನ್ನ ಲೆಕ್ಕವನ್ನು ಏಣಿಯ ಮೆಟ್ಟಿಲುಗಳಂತೆ ಇಡುತ್ತದೆ: ವರದಿಯಾದವು ಎಷ್ಟು, ಪರೀಕ್ಷೆಯಿಂದ ದೃಢಪಟ್ಟವು ಎಷ್ಟು, ಕುಟುಂಬವನ್ನು ಕೇಳಿದ್ದು ಎಷ್ಟು, ಒಪ್ಪಿದ್ದು ಎಷ್ಟು, ಕೊನೆಗೆ ಅಂಗ ಪಡೆದದ್ದು ಎಷ್ಟು. ಪ್ರತಿ ಮೆಟ್ಟಿಲಿನಲ್ಲೂ ಒಂದಷ್ಟು ಸೋರಿಹೋಗುತ್ತದೆ. ಧರ್ಮದ ಪ್ರಶ್ನೆ ಏಳುವುದು ನಾಲ್ಕನೆಯ ಮೆಟ್ಟಿಲಿನಲ್ಲಿ. ಮೊದಲ ಮೂರು ಪೂರ್ತಿಯಾಗಿ ಆಸ್ಪತ್ರೆಯ ಸಿಬ್ಬಂದಿಯವು.

ಕೇಳು ಎಂದರೆ ಕೇಳಲಿಲ್ಲ

ಅಮೆರಿಕದಲ್ಲಿ 1980ರ ದಶಕದ ನಡುವಿನಿಂದ ಒಂದು ಕಾನೂನು ಜಾರಿಗೆ ಬಂತು. ದಾನಿಯಾಗಬಹುದಾದ ರೋಗಿ ಸತ್ತಾಗ ಆಸ್ಪತ್ರೆಯವರು ಕುಟುಂಬವನ್ನು ಕೇಳಲೇಬೇಕು ಎಂಬುದು ಅದರ ಸಾರ. ಮಗ ಸತ್ತ ಗಳಿಗೆಯಲ್ಲಿ ತಾಯಿಯ ಮುಂದೆ ನಿಂತು ಇಂಥ ಮಾತೆತ್ತುವುದು ಯಾರಿಗೆ ಸುಲಭ? ರೋಗಿಯನ್ನು ಉಳಿಸಲು ಮೂರು ದಿನ ಹೆಣಗಿದ ವೈದ್ಯನಿಗೆ ಅವನ ಸಾವೇ ಒಂದು ಸೋಲು. ಅದರ ಬೆನ್ನಿಗೇ ಅಂಗ ಕೇಳುವುದು ದ್ರೋಹವೆಂಬಂತೆ ಅವನಿಗೆ ತೋರುತ್ತದೆ. ಹೀಗಾಗಿ ಕೆಲವರು ಕೇಳಲಿಲ್ಲ. ಕೆಲವರು ನಿಯಮ ಪೂರೈಸಲು ಒರಟಾಗಿ ಕೇಳಿ 'ಬೇಡ' ಎಂಬ ಉತ್ತರ ಬರೆದುಕೊಂಡರು. ನಿರೀಕ್ಷಿಸಿದ ಫಲ ಬರಲಿಲ್ಲ.

1998ರಲ್ಲಿ ಕೇಂದ್ರ ಸರಕಾರದ ನಿಯಮ ಬದಲಾಯಿತು. ಸಂಭವಿಸಿದ ಮತ್ತು ಸಂಭವಿಸಲಿರುವ ಪ್ರತಿಯೊಂದು ಸಾವಿನ ಸುದ್ದಿಯನ್ನೂ ಆಸ್ಪತ್ರೆ ಆ ಪ್ರದೇಶದ ಅಂಗ ಸಂಗ್ರಹ ಸಂಸ್ಥೆಗೆ ತಿಳಿಸಬೇಕು. ದಾನಕ್ಕೆ ಯೋಗ್ಯವೇ ಅಲ್ಲವೇ ಎಂದು ತೀರ್ಮಾನಿಸುವುದು ದಾದಿಯ ಹೊಣೆಯಲ್ಲ. ಕುಟುಂಬದೊಂದಿಗೆ ಮಾತಾಡುವುದು ಅದಕ್ಕಾಗಿ ತರಬೇತಿ ಪಡೆದವರ ಕೆಲಸ. ಹೊರನೋಟಕ್ಕೆ ಇದು ಕಚೇರಿಯ ಸಣ್ಣ ತಿದ್ದುಪಡಿ. ಆದರೆ ದಾದಿಯ ಎದೆಯ ಮೇಲಿದ್ದ ಭಾರವನ್ನು ಇದು ಇಳಿಸಿತು. ಅವರಿಂದ ಬಯಸಿದ್ದು ಒಂದು ಫೋನ್ ಕರೆ ಮಾತ್ರ.

ಸ್ಪೇನ್ ಕಂಡುಕೊಂಡ ದಾರಿ

ಈ ಚರಿತ್ರೆಯ ಅತ್ಯಂತ ಬೆಳಕಿನ ಅಧ್ಯಾಯ ಸ್ಪೇನ್‌ನದು. ಅಲ್ಲಿ 1979ರಲ್ಲೇ ಉದಾರವಾದ ಕಾನೂನಿತ್ತು. ಬದುಕಿದ್ದಾಗ ವಿರೋಧ ಹೇಳದಿದ್ದವರೆಲ್ಲ ದಾನಕ್ಕೆ ಒಪ್ಪಿದವರೆಂದು ಅದು ಭಾವಿಸುತ್ತಿತ್ತು. ಆದರೂ ಹತ್ತು ವರ್ಷಗಳ ಬಳಿಕ ದಾನಿಗಳ ಸಂಖ್ಯೆ ಹತ್ತು ಲಕ್ಷ ಜನರಿಗೆ ಹದಿನಾಲ್ಕರ ಆಸುಪಾಸಿನಲ್ಲೇ ಇತ್ತು. 1989ರಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಸ್ಥಾಪನೆಯಾಗಿ ಮೂತ್ರಪಿಂಡ ತಜ್ಞ ರಫಾಯೆಲ್ ಮತೆಸಾಂಸ್ ಅದರ ಮುಖ್ಯಸ್ಥರಾದರು.

ಅವರು ಕಾನೂನನ್ನು ಮುಟ್ಟಲಿಲ್ಲ, ಜಾಹೀರಾತಿಗೂ ಹೆಚ್ಚು ಹಣ ಸುರಿಯಲಿಲ್ಲ. ಆಸ್ಪತ್ರೆಯೊಳಗಿನ ಒಬ್ಬ ವ್ಯಕ್ತಿಯನ್ನು ಹಿಡಿದರು. ಪ್ರತಿ ದೊಡ್ಡ ಆಸ್ಪತ್ರೆಯಲ್ಲೂ ಒಬ್ಬ ಸಂಯೋಜಕ. ಆತ ಹೊರಗಿನಿಂದ ಬಂದ ಅಧಿಕಾರಿಯಲ್ಲ, ಅಲ್ಲಿಯದೇ ಐಸಿಯುವಿನ ವೈದ್ಯ. ತನ್ನ ನಿತ್ಯದ ಕೆಲಸದ ಜೊತೆಗೇ ಈ ಹೊಣೆಯನ್ನೂ ಹೊರುತ್ತಾನೆ. ಕಸಿ ಮಾಡುವ ಶಸ್ತ್ರವೈದ್ಯರ ಅಧೀನದಲ್ಲಿ ಆತನಿಲ್ಲ. ಆಸ್ಪತ್ರೆಯ ಆಡಳಿತಕ್ಕೆ ನೇರವಾಗಿ ಉತ್ತರದಾಯಿ. ಸಹೋದ್ಯೋಗಿಗಳ ಅಳುಕು ಏನೆಂದು ಆತನಿಗೆ ಗೊತ್ತು. ಮುಂಜಾನೆಯ ರೌಂಡ್ಸ್‌ನಲ್ಲಿ ಯಾವ ಹಾಸಿಗೆಯ ರೋಗಿ ಕೈಮೀರುತ್ತಿದ್ದಾನೆ ಎಂಬುದು ಆತನಿಗೆ ಯಾರೂ ಹೇಳದೆಯೂ ಕಾಣುತ್ತದೆ. ಸಾವಿನ ಸುದ್ದಿಯನ್ನು ಹೇಗೆ ತಿಳಿಸಬೇಕು, ಎಷ್ಟು ಹೊತ್ತು ಸುಮ್ಮನಿರಬೇಕು, ಯಾವಾಗ ದಾನದ ಮಾತೆತ್ತಬೇಕು ಎಂಬುದನ್ನು ಸಾವಿರಾರು ಸಿಬ್ಬಂದಿಗೆ ಕಲಿಸಲಾಯಿತು.

ಜೊತೆಗೆ ಲೆಕ್ಕ ಪರಿಶೋಧನೆಯೂ ಬಂತು. ಐಸಿಯುವಿನಲ್ಲಿ ಸತ್ತವರೆಲ್ಲರ ಕಡತಗಳನ್ನು ತೆರೆದು, ಮಿದುಳು ಸತ್ತಿದ್ದೂ ಗಮನಕ್ಕೆ ಬಾರದೆ ಹೋದವರು ಯಾರು ಎಂದು ಹುಡುಕುವುದು. ಬಳಿಕ ಬೇರೆ ಪ್ರಾಂತದ ತಜ್ಞರು ಬಂದು ಅದನ್ನು ಮತ್ತೊಮ್ಮೆ ನೋಡುವುದು. ಇದರ ಉದ್ದೇಶ ಯಾರನ್ನೂ ಶಿಕ್ಷಿಸುವುದಲ್ಲ, ಎಲ್ಲಿ ತಪ್ಪಿತೆಂದು ತಿಳಿಯುವುದು. 1999ರ ಹೊತ್ತಿಗೆ ದಾನಿಗಳ ಸಂಖ್ಯೆ ದಶಲಕ್ಷಕ್ಕೆ 33ನ್ನು ದಾಟಿತು. 2017ರಲ್ಲಿ 46ನ್ನೂ ಮೀರಿತು. ಕಾಲು ಭಾಗಕ್ಕಿಂತ ಹೆಚ್ಚಿದ್ದ ಕುಟುಂಬಗಳ ನಿರಾಕರಣೆ ನೂರಕ್ಕೆ ಸುಮಾರು ಹದಿನೈದಕ್ಕೆ ಇಳಿಯಿತು. ಕಾನೂನು ಏನೇ ಹೇಳಲಿ, ಅಲ್ಲಿ ಇಂದಿಗೂ ಕುಟುಂಬವನ್ನು ಕೇಳದೆ ಯಾರ ಅಂಗವನ್ನೂ ತೆಗೆಯುವುದಿಲ್ಲ. ಹತ್ತು ವರ್ಷದಲ್ಲಿ ಸ್ಪೇನ್ ಜನರ ಉದಾರತೆ ಇಮ್ಮಡಿಯಾಯಿತೆಂದು ನಂಬುವುದು ಕಷ್ಟ. ಆ ಉದಾರತೆಯನ್ನು ಕೇಳಿ ಪಡೆಯುವ ವಿಧಾನ ಬದಲಾಯಿತು ಎನ್ನುವುದೇ ಸರಿ.

ಬ್ರಿಟನ್ 2008ರಲ್ಲಿ ಇದೇ ದಾರಿ ಹಿಡಿಯಿತು. ಒಂದು ಕಾರ್ಯಪಡೆಯ ವರದಿಯಂತೆ ಆಸ್ಪತ್ರೆಗಳಲ್ಲಿ ಅಂಗದಾನದ ಹೊಣೆ ಹೊತ್ತ ವೈದ್ಯರನ್ನೂ, ತರಬೇತಾದ ವಿಶೇಷ ದಾದಿಯರನ್ನೂ ನೇಮಿಸಿತು. ಐದು ವರ್ಷಗಳಲ್ಲಿ ದಾನಿಗಳ ಸಂಖ್ಯೆಯನ್ನು ಒಂದೂವರೆ ಪಟ್ಟು ಮಾಡುವ ಗುರಿ 2013ರಲ್ಲಿ ಈಡೇರಿತು. 2011ರ ಮಾರ್ಗಸೂಚಿಯೊಂದು ಕರೆ ಮಾಡಬೇಕಾದ ಗಳಿಗೆಯನ್ನೂ ಸ್ಪಷ್ಟಪಡಿಸಿತು. ಪ್ರಜ್ಞೆಯ ಮಟ್ಟ ಅಳೆಯಲು 1974ರಿಂದ ಗ್ಲಾಸ್ಗೋ ಮಾಪಕ ಬಳಕೆಯಲ್ಲಿದೆ. ಪೂರ್ಣ ಎಚ್ಚರವಿದ್ದರೆ 15 ಅಂಕ, ಅತ್ಯಂತ ಕಡಿಮೆಯೆಂದರೆ 3. ಮಿದುಳಿಗೆ ತೀವ್ರ ಹಾನಿಯಾದ ರೋಗಿಯ ಅಂಕ ನಿದ್ರೆಯ ಮದ್ದಿನ ಪ್ರಭಾವವಿಲ್ಲದೆಯೂ 4 ಅಥವಾ ಅದಕ್ಕಿಂತ ಕೆಳಗಿದ್ದು, ಕಣ್ಣುಪಾಪೆಯ ಸ್ಪಂದನದಂಥ ಒಂದಾದರೂ ಪ್ರತಿಕ್ರಿಯೆ ಇಲ್ಲವಾಗಿದ್ದರೆ ದಾದಿ ವಿಶೇಷ ತಂಡಕ್ಕೆ ತಿಳಿಸಬೇಕು. ಆ ಅಂಕವನ್ನು ದಾದಿಯರು ಹೇಗೂ ಪಾಳಿಯುದ್ದಕ್ಕೂ ಚಾರ್ಟಿನಲ್ಲಿ ಬರೆಯುತ್ತಲೇ ಇರುತ್ತಾರೆ. ಕರೆ ಮಾಡುವುದೆಂದರೆ ರೋಗಿಯ ಮೇಲಿನ ಆಸೆ ಬಿಟ್ಟಂತಲ್ಲ. ಚಿಕಿತ್ಸೆ ಎಂದಿನಂತೆ ಮುಂದುವರಿಯುತ್ತದೆ. ರೋಗಿ ಚೇತರಿಸಿಕೊಂಡರೆ ಆ ಕರೆಯನ್ನು ಮರೆತರಾಯಿತು.

ನಮ್ಮ ಮನೆಯ ಕಥೆ

ಭಾರತದಲ್ಲಿ ಅಂಗ ಕಸಿಯ ಚರಿತ್ರೆಗೆ ಕಳಂಕದ ಮೊದಲ ಪುಟಗಳಿವೆ. 1980 ಮತ್ತು 90ರ ದಶಕಗಳಲ್ಲಿ ಬಡವರ ಮೂತ್ರಪಿಂಡಗಳು ದಲ್ಲಾಳಿಗಳ ಮೂಲಕ ಬಿಕರಿಯಾದವು. ಮದ್ರಾಸಿನ ವಿಲ್ಲಿವಾಕ್ಕಂ ಪ್ರದೇಶಕ್ಕೆ ಜನ ಕಿಡ್ನಿವಾಕ್ಕಂ ಎಂದೇ ಅಡ್ಡಹೆಸರಿಟ್ಟರು. ಬೆಂಗಳೂರೂ ಇದರಿಂದ ಹೊರತಾಗಿರಲಿಲ್ಲ. ಸಂಸತ್ತು 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆಯನ್ನು ಅಂಗೀಕರಿಸಿ ಮಾರಾಟವನ್ನು ಅಪರಾಧವೆಂದು ಸಾರಿತು, ಮಿದುಳು ಕಾಂಡದ ಸಾವಿಗೆ ಮನ್ನಣೆ ಕೊಟ್ಟಿತು. ನಾಲ್ವರು ವೈದ್ಯರ ಮಂಡಳಿ ಕನಿಷ್ಠ ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಪ್ರಮಾಣಪತ್ರ ಕೊಡಬೇಕು. ಕಣ್ಣಿಗೆ ಬೆಳಕು ಹಾಯಿಸಿದರೆ ಪಾಪೆ ಕುಗ್ಗುತ್ತದೆಯೇ, ಗಂಟಲು ಮುಟ್ಟಿದರೆ ಕೆಮ್ಮುತ್ತದೆಯೇ ಎಂದೆಲ್ಲ ನೋಡಿ, ಕೊನೆಗೆ ಆಮ್ಲಜನಕ ಕೊಡುತ್ತಲೇ ವೆಂಟಿಲೇಟರ್ ಬಿಡಿಸಿ ದೇಹ ತಾನಾಗಿ ಉಸಿರೆಳೆಯುತ್ತದೆಯೇ ಎಂದು ಕಾಯುತ್ತಾರೆ.

ಕಾಯ್ದೆ ಬಂದರೂ ಮೃತರಿಂದ ಅಂಗದಾನ ಬಹುಕಾಲ ಅಪರೂಪದ ಸುದ್ದಿಯಾಗಿಯೇ ಉಳಿಯಿತು. ಕರ್ನಾಟಕದಲ್ಲಿ 2007ರಲ್ಲಿ ವಲಯ ಸಮನ್ವಯ ಸಮಿತಿ ರಚನೆಯಾಯಿತು. ಈಗ ಅದರ ಕೆಲಸ 'ಜೀವಸಾರ್ಥಕತೆ' ಎಂಬ ಹೆಸರಿನಲ್ಲಿ ನಡೆಯುತ್ತಿದೆ. 2008ರಲ್ಲಿ ತಮಿಳುನಾಡು ಸರಕಾರ ಸರಣಿ ಆದೇಶಗಳಿಂದ ಆಸ್ಪತ್ರೆಗಳ ಕರ್ತವ್ಯಗಳನ್ನು ನಿಗದಿಪಡಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಪಘಾತದಲ್ಲಿ ಮಿದುಳು ಸತ್ತ ತಮ್ಮ ಹದಿಹರೆಯದ ಮಗನ ಅಂಗಗಳನ್ನು ಅಲ್ಲಿನ ವೈದ್ಯ ದಂಪತಿ ದಾನ ಮಾಡಿದರು. ಹೃದಯ ಒಂಬತ್ತು ವರ್ಷದ ಬಾಲಕಿಗೆ ಸಿಕ್ಕಿತು. ಇದು ಆ ರಾಜ್ಯದ ಮನಸ್ಸನ್ನೇ ಕಲಕಿತು. ಅದರ ಹಿಂದೆ ಇನ್ನೊಂದು ಸತ್ಯವೂ ಇದೆ. ಆ ತಂದೆತಾಯಿ ವೈದ್ಯರಾಗಿದ್ದರು. ಮಿದುಳು ಸಾವೆಂದರೇನೆಂದು ಅವರಿಗೆ ಬೇರೆಯವರು ವಿವರಿಸಬೇಕಾಗಿರಲಿಲ್ಲ. ಕೂಲಿ ಮಾಡುವ ತಂದೆತಾಯಿಗೆ ಅದನ್ನು ವಿವರಿಸುವವರು ಬೇಕು. 1997ರಿಂದ ಚೆನ್ನೈನ ಮೋಹನ್ ಫೌಂಡೇಶನ್‌ನಂಥ ಸಂಸ್ಥೆಗಳು ಇಂಥ ಸಂಯೋಜಕರನ್ನು ತಯಾರು ಮಾಡುತ್ತ ಬಂದಿವೆ.

2011ರ ತಿದ್ದುಪಡಿ ಮತ್ತು 2014ರ ನಿಯಮಗಳು ಕಾಯ್ದೆಯ ಹಲವು ಕೊರತೆಗಳನ್ನು ತುಂಬಿದವು. ಸಂಯೋಜಕರನ್ನು ನೇಮಿಸದ ಆಸ್ಪತ್ರೆಗೆ ನೋಂದಣಿಯಿಲ್ಲ. ಐಸಿಯುವಿನಲ್ಲಿ ಇಂಥ ಪ್ರಸಂಗ ಬಂದಾಗ ದಾನದ ಆಯ್ಕೆಯನ್ನು ಕುಟುಂಬಕ್ಕೆ ತಿಳಿಸುವುದು ಕರ್ತವ್ಯ. ನರರೋಗ ತಜ್ಞರು ಸಿಗದ ಕಡೆ ಅರಿವಳಿಕೆ ತಜ್ಞರಂಥ ಬೇರೆ ವೈದ್ಯರನ್ನು ಮಂಡಳಿಗೆ ಸೇರಿಸಬಹುದು. ಕಸಿ ಮಾಡುವ ಸೌಲಭ್ಯವಿಲ್ಲದ ಆಸ್ಪತ್ರೆಯೂ ನೋಂದಾಯಿಸಿಕೊಂಡು ಅಂಗ ಪಡೆಯುವ ಕೇಂದ್ರವಾಗಬಹುದು. ದಾನಿಯ ದೇಹವನ್ನು ಕಾಪಾಡುವ ಖರ್ಚನ್ನು ಕುಟುಂಬದ ಮೇಲೆ ಹೇರುವಂತಿಲ್ಲ.

ಇಷ್ಟಾದರೂ 2023ರಲ್ಲಿ ನೂರ ನಲವತ್ತು ಕೋಟಿ ಜನರ ಈ ದೇಶದಲ್ಲಿದ್ದ ಮೃತ ದಾನಿಗಳು 1,099 ಮಾತ್ರ. ಅಂದರೆ ದಶಲಕ್ಷಕ್ಕೆ ಒಬ್ಬರೂ ಇಲ್ಲ. ಕರ್ನಾಟಕದಲ್ಲಿ ಆ ವರ್ಷ 178 ಮಂದಿ. ದೇಶದಲ್ಲಿ ಮುಂಚೂಣಿಯ ರಾಜ್ಯಗಳಲ್ಲಿ ನಮ್ಮದೂ ಒಂದು. ನಮ್ಮ ರಸ್ತೆಗಳಲ್ಲಿ ತಲೆ ಒಡೆದು ಆಸ್ಪತ್ರೆ ಸೇರುವವರ ಸಂಖ್ಯೆಯನ್ನು ಬಲ್ಲವರಿಗೆ ಈ ಅಂಕಿಯ ಸಣ್ಣತನ ತಿಳಿಯುತ್ತದೆ. ಅವರಲ್ಲಿ ಎಷ್ಟೋ ಜನರ ಮಿದುಳು ಸಾವು ಪರೀಕ್ಷೆಗೇ ಒಳಗಾಗದೆ, ಎರಡು ದಿನ ಬಿಟ್ಟು ಹೃದಯ ನಿಂತಿತು ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ.

ಇದಕ್ಕೆ ಸಿಬ್ಬಂದಿಯ ಆಲಸ್ಯವನ್ನು ದೂರಿದರೆ ಅನ್ಯಾಯವಾದೀತು. ಅಪಘಾತವೆಂದರೆ ಪೊಲೀಸ್ ಕೇಸು, ಮಹಜರು, ಮರಣೋತ್ತರ ಪರೀಕ್ಷೆ. ಪಾಳಿಯಲ್ಲಿ ದಾದಿಯರು ಕಡಿಮೆ, ಹಾಸಿಗೆಗಳು ಹೆಚ್ಚು. ಹೊರಗೆ ಸಿಟ್ಟಾದ ಬಂಧುಗಳು. 'ಕಿಡ್ನಿಗಾಗಿ ಕೊಂದರು' ಎಂಬ ಒಂದು ಮಾತು ಹಬ್ಬಿದರೆ ಬಾಗಿಲ ಗಾಜು ಉಳಿಯುವುದಿಲ್ಲ. ಪಕ್ಕದ ಕೇರಳದ ಅನುಭವ ಕಣ್ಣೆದುರಿಗಿದೆ. 2015-16ರಲ್ಲಿ ವರ್ಷಕ್ಕೆ ಎಪ್ಪತ್ತರ ಮೇಲಿದ್ದ ಅಲ್ಲಿನ ಮೃತ ದಾನಿಗಳ ಸಂಖ್ಯೆ, ಆರೋಪ-ವಿವಾದಗಳು ಎದ್ದು ವೈದ್ಯರು ಪ್ರಮಾಣಪತ್ರ ಕೊಡಲು ಹಿಂಜರಿದ ಮೇಲೆ, 2018ರಲ್ಲಿ ಒಂದಂಕಿಗೆ ಕುಸಿಯಿತು. ಸಪ್ಪೋರೋದ ನೆರಳು ಅಷ್ಟು ಉದ್ದ.

ನಂಬಿಕೆಯ ಎರಡು ತುದಿಗಳು

ಮುಸ್ಲಿಮ್ ಕುಟುಂಬದ ಮುಂದೆ ಈ ಪ್ರಶ್ನೆ ಬಂದಾಗ ಏಳುವ ಅನುಮಾನಗಳು ಸ್ಪಷ್ಟ. ಮೈ ಬೆಚ್ಚಗಿರುವಾಗ ಇದನ್ನು ಮರಣವೆನ್ನುವುದು ಹೇಗೆ? ಮಯ್ಯಿತ್ತಿನ ಸ್ನಾನ, ಕಫನ್, ಜನಾಝಾ ನಮಾಝಿಗೆ ತಡವಾಗುವುದಿಲ್ಲವೇ? ದೇಹ ವಿರೂಪಗೊಂಡು ಬರುವುದೇ? ಇವು ಮೂಢನಂಬಿಕೆಯ ಪ್ರಶ್ನೆಗಳಲ್ಲ. ಮೃತರ ಮೇಲಿನ ಗೌರವದ ಪ್ರಶ್ನೆಗಳು. ಹಿಂದೂ, ಕ್ರೈಸ್ತ ಕುಟುಂಬಗಳೂ ಇಂಥವನ್ನೇ ಬೇರೆ ಮಾತುಗಳಲ್ಲಿ ಕೇಳುತ್ತವೆ. ದೇಹವನ್ನು ಹೊಲಿದು, ಶುಚಿಗೊಳಿಸಿ ಗೌರವದಿಂದ ಮರಳಿಸಲಾಗುತ್ತದೆ, ಎಲ್ಲ ವಿಧಿಗಳನ್ನೂ ಪೂರೈಸಬಹುದು ಎಂಬ ಉತ್ತರ ಇದೆ. ತಡವಾಗುವುದು ಹೌದು, ಎಷ್ಟು ಗಂಟೆ ಎಂಬುದನ್ನು ಮೊದಲೇ ಮುಚ್ಚುಮರೆಯಿಲ್ಲದೆ ಹೇಳಬೇಕು. ಇದನ್ನೆಲ್ಲ ಅವರ ಮನೆಮಾತಿನಲ್ಲಿ, ಬ್ಯಾರಿಯಲ್ಲೋ ಉರ್ದುವಿನಲ್ಲೋ, ಕುರ್ಚಿ ಎಳೆದು ಕುಳಿತು ಹೇಳುವವರು ಬೇಕು. ಕೇಳಿದ ಮೇಲೆ ಕುಟುಂಬ ಬೇಡವೆಂದರೆ ಅದೂ ಗೌರವಾರ್ಹವೇ. ಒತ್ತಾಯಿಸಿ ಪಡೆದ ಒಂದು ಅಂಗ ಮುಂದಿನ ನೂರು ದಾನಗಳನ್ನು ಕಳೆಯುತ್ತದೆ.

ಸಮುದಾಯ ಮಾಡಬಹುದಾದ ಕೆಲಸವೂ ಇದೆ. ನಮ್ಮ ಮದ್ರಸಗಳಲ್ಲಿ, ಜಮಾಅತ್‌ಗಳಲ್ಲಿ ಅಮ್ಮಾನ್ ಮತ್ತು ಮಕ್ಕಾದ ತೀರ್ಮಾನಗಳೆರಡನ್ನೂ ಮುಂದಿಟ್ಟು ಚರ್ಚೆ ನಡೆಯಲಿ. ದೊಡ್ಡ ಆಸ್ಪತ್ರೆಗಳಿರುವ ಮಂಗಳೂರು, ಹುಬ್ಬಳ್ಳಿ, ಕಲಬುರಗಿ, ಬೆಂಗಳೂರಿನಂಥ ಊರುಗಳ ಆಲಿಮರು ಒಮ್ಮೆ ಐಸಿಯುವಿನ ಒಳಗೆ ಹೋಗಿ ಮಿದುಳು ಸಾವಿನ ಪರೀಕ್ಷೆ ಹೇಗೆ ನಡೆಯುತ್ತದೆಂದು ತಜ್ಞರಿಂದ ತಿಳಿದುಬರಲಿ. 1980ರ ದಶಕದ ವಿದ್ವಾಂಸರು ವೈದ್ಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತೀರ್ಮಾನಕ್ಕೆ ಬಂದಿದ್ದರು. ಆಸ್ಪತ್ರೆಗಳು ತಮ್ಮ ಕಡೆಯಿಂದ ಶ್ರೀಮಂತನಿಗೂ ಬಡವನಿಗೂ ಒಂದೇ ಸರದಿ ಪಟ್ಟಿಯೆಂಬುದನ್ನು ತೋರಿಸಿಕೊಡಬೇಕು. ಅಂಗ ಕೊಡುವವರ ಸಾಲಿನಲ್ಲಿ ಬಡವರು, ಪಡೆಯುವವರ ಸಾಲಿನಲ್ಲಿ ಉಳ್ಳವರು ಎಂಬಂತಾದರೆ ಯಾವ ಫತ್ವಾವೂ ಯಾವ ಕಾನೂನೂ ಜನರನ್ನು ಒಪ್ಪಿಸಲಾರದು.

ದಾನಿಯ ಕಾರ್ಡಿಗೆ ಸಹಿ ಹಾಕುವುದು ಒಳ್ಳೆಯದೇ. ಆದರೆ ಆ ಕಾರ್ಡಿಗೆ ಜೀವ ಬರುವುದು ರಾತ್ರಿ ಮೂರು ಗಂಟೆಗೆ ಚಾರ್ಟಿನಲ್ಲಿ ಅಂಕ ಬರೆಯುತ್ತಿರುವ ದಾದಿಯೊಬ್ಬಳು ಅಳುಕದೆ ಫೋನ್ ಕೈಗೆತ್ತಿಕೊಂಡಾಗ. ಆಕೆ ಅಳುಕದಂತೆ ನೋಡಿಕೊಳ್ಳುವುದು ಆಸ್ಪತ್ರೆಯ, ಸರಕಾರದ ಮತ್ತು ಬಾಗಿಲ ಹೊರಗೆ ಬೆಂಚಿನ ಮೇಲೆ ಕುಳಿತಿರುವ ನಮ್ಮೆಲ್ಲರ ಹೊಣೆ.